ಜೂಜಿನ ಚಟಕ್ಕೆ ಬೈಗುಳ ಸಾಕು, ಔಷಧಿ ಬೇಕು

ನಮ್ಮ ಕಡೆ ಕುಡಿಯುವವನಿಗೆ ಶಿಬಿರ ಇದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಆಯಿತೆಂದರೆ ಊರ ಹಿರಿಯರೆಲ್ಲ ಹೋಗಿ ಕೂಡುತ್ತಾರೆ, ಬಿಟ್ಟವನಿಗೆ ಹಾರ ಹಾಕುತ್ತಾರೆ. ಬೀಡಿ ಸೇದುವವನಿಗೆ ಪೊಟ್ಟಣದ ಮೇಲೇ ಎಚ್ಚರಿಕೆಯ ಚಿತ್ರ ಇದೆ. ಜೂಜಾಡುವವನಿಗೆ ಏನಿದೆ? ಮನೆಯಲ್ಲಿ ಬೈಗುಳ, ಕಟ್ಟೆಯ ಮೇಲೆ ನಗೆ, ಸಿಕ್ಕಿಬಿದ್ದರೆ ಪೊಲೀಸ್ ಠಾಣೆ. ಈ ಮೂರರಿಂದ ಚಟ ಬಿಟ್ಟವನನ್ನು ನಾನಂತೂ ನೋಡಿಲ್ಲ.

ಕೃಷಿ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ನನ್ನದು ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಒಂದಿಷ್ಟು ಹತ್ತಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ನಮ್ಮ ಹೊಲ ಹಾಳಾಗಲು ಬರ, ಕಾಯಿಕೊರಕ, ಬಿದ್ದ ದರ ಎಂದು ಪತ್ರಿಕೆಗಳಲ್ಲಿ ಬರೆಯುತ್ತೇವೆ. ನಿಜವೇ. ಆದರೆ ನಮ್ಮ ಸುತ್ತಿನ ಊರುಗಳಲ್ಲಿ ಎತ್ತು ಮಾರಿದ್ದು, ಹೊಲ ಒತ್ತಿ ಬಿದ್ದದ್ದು, ಹೆಂಡತಿಯ ತಾಳಿಯ ಗುಂಡು ಸೊಸೈಟಿ ಸೇರಿದ್ದು ಎಲ್ಲವೂ ಬರದಿಂದಲ್ಲ. ಕೆಲವು ಓಸಿ ಚೀಟಿಯಿಂದ, ಕೆಲವು ಇಸ್ಪೀಟಿನಿಂದ, ಈಚೆಗೆ ಹೆಚ್ಚು ಮೊಬೈಲಿನಿಂದ. ಬಿತ್ತನೆ ಬೀಜಕ್ಕೆ ತಂದ ಕೈಗಡ ಸಂತೆಯಲ್ಲೇ ಕರಗಿದರೆ ಅದೂ ಬೇಸಾಯದ ನಷ್ಟವೇ. ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ.

ಹತ್ತಿಯಿಂದಲೇ ಹುಟ್ಟಿದ ಆಟ

ಓಸಿ ಎಂದರೆ ಓಪನ್-ಕ್ಲೋಸ್. ಈ ಹೆಸರು ಎಲ್ಲಿಂದ ಬಂತೆಂದು ಬರೆಸುವವರಿಗೇ ಗೊತ್ತಿಲ್ಲ. ಅದರ ಮೂಲ ನಮ್ಮ ಹತ್ತಿಯಲ್ಲಿದೆ. ನ್ಯೂಯಾರ್ಕಿನ ಹತ್ತಿ ಪೇಟೆಯ ದರ ತಂತಿಯ ಮೂಲಕ ಮುಂಬಯಿಗೆ ಬರುತ್ತಿತ್ತು. ಪೇಟೆ ತೆರೆದಾಗಿನ ದರ ಎಷ್ಟು, ಮುಚ್ಚಿದಾಗಿನ ದರ ಎಷ್ಟು ಎಂಬುದರ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಕಳಿಸುವುದು ನಿಂತಿತು. ಆಟ ಮಾತ್ರ ನಿಲ್ಲಲಿಲ್ಲ. 1962ರಿಂದ ಮುಂಬಯಿಯಲ್ಲಿ ಮಡಕೆಯೊಳಗೆ ಚೀಟಿ ಹಾಕಿ ನಂಬರ್ ತೆಗೆಯತೊಡಗಿದರು. ಮಡಕೆಗೆ ಮಟಕಾ ಅನ್ನುತ್ತಾರೆ, ಅದೇ ಹೆಸರು ನಿಂತಿತು. ಹತ್ತಿ ಬೆಳೆದವನ ದುಡ್ಡು ಹತ್ತಿಯ ಹೆಸರಿನ ಆಟದಲ್ಲೇ ಹೋಗುತ್ತಿದೆ ನೋಡಿ.

ಏಳನೇ ಇಯತ್ತೆ ಓದಿದ ನನಗೂ ಬರುವ ಒಂದು ಲೆಕ್ಕ ಹೇಳುತ್ತೇನೆ. ಜೋಡಿ ನಂಬರ್ ಸೊನ್ನೆ ಸೊನ್ನೆಯಿಂದ 99ರವರೆಗೆ, ಒಟ್ಟು 100. ನಮ್ಮ ಕಡೆ ಒಂದಕ್ಕೆ ಎಂಬತ್ತು ಕೊಡುತ್ತೇವೆ ಎಂದು ಬರೆಸಿಕೊಳ್ಳುತ್ತಾರೆ. ಒಬ್ಬನು ನೂರೂ ನಂಬರಿಗೆ ಒಂದೊಂದು ರೂಪಾಯಿ ಹಾಕಿದರೆ ನೂರು ಕೊಟ್ಟು ಎಂಬತ್ತು ಪಡೆದ ಹಾಗೆ. ಅಂದರೆ ಆಟ ಶುರುವಾಗುವ ಮೊದಲೇ ನೂರಕ್ಕೆ ಇಪ್ಪತ್ತು ಹೋಯಿತು. ಒಂದು ಊರಿಂದ ದಿನಕ್ಕೆ 10,000 ರೂಪಾಯಿ ಬರೆಸುತ್ತಾರೆ ಎಂದು ಹಿಡಿಯಿರಿ. ವರ್ಷಕ್ಕೆ 300 ದಿನ ಆಟ. ಸರಾಸರಿ 6 ಲಕ್ಷ ರೂಪಾಯಿ ಊರು ಬಿಟ್ಟು ಹೋಗುತ್ತದೆ. ಅಡತಿ ಅಂಗಡಿಯವನು ತೂಕದಲ್ಲಿ ಒಂದು ಕಿಲೋ ಹೊಡೆದರೆ ಜಗಳ ತೆಗೆಯುವ ನಾವು, ನೂರಕ್ಕೆ ಇಪ್ಪತ್ತು ಮುರಿದುಕೊಳ್ಳುವವನ ಮನೆಗೆ ನಾವೇ ಹುಡುಕಿಕೊಂಡು ಹೋಗುತ್ತೇವೆ.

ಲೆಕ್ಕ ಹೇಳಿದರೆ ಬಿಡುತ್ತಾರೆ ಎಂದಲ್ಲ. ಲೆಕ್ಕ ಗೊತ್ತಿದ್ದೂ ಬಿಡಲು ಆಗದವರ ಬಗ್ಗೆಯೇ ನನ್ನ ಮಾತು.

ಹಬ್ಬದ ಆಟ ಬೇರೆ, ಚಟ ಬೇರೆ

ಪಂಚಮಿಗೆ ನಿಂಬೆಹಣ್ಣು ಒಗೆದು ಪಣ ಕಟ್ಟುವುದು, ದೀಪಾವಳಿಗೆ ನಾಲ್ಕು ಕೈ ಎಲೆ ಆಡುವುದು ನಮ್ಮಲ್ಲಿ ಮೊದಲಿಂದ ಇದೆ. ಹಾಗೆ ಆಡಿದವರಲ್ಲಿ ಹೆಚ್ಚಿನವರು ಮರುದಿನ ಕುಂಟೆ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಅವರಿಗೆ ಕಾಯಿಲೆ ಇಲ್ಲ. ನೂರಾರು ಜನ ಕುಡಿದರೂ ಕೆಲವರು ಮಾತ್ರ ಕುಡುಕರಾಗುವ ಹಾಗೆ ಇಲ್ಲಿಯೂ ಕೆಲವರು ಸಿಕ್ಕಿಕೊಳ್ಳುತ್ತಾರೆ.

ಸಿಕ್ಕಿಕೊಂಡವನ ಗುರುತು ಇವು. ಮೊದಲು ಹತ್ತು ರೂಪಾಯಿಗೆ ಸಿಗುತ್ತಿದ್ದ ಖುಷಿಗೆ ಈಗ ನೂರು, ಐನೂರು ಬೇಕು. ಆಡದ ದಿನ ಸಿಟ್ಟು, ಚಡಪಡಿಕೆ. ಸೋತದ್ದನ್ನು ತಿರುಗಿ ಪಡೆಯಲು ಮತ್ತೆ ಆಡುವುದು. ಮನೆಯಲ್ಲಿ ಸುಳ್ಳು. ಬಿಡಬೇಕೆಂದು ಆಣೆ ಮಾಡಿ ಮುರಿಯುವುದು. ಸಾಲ ಮಾಡಿ, ಸಾಮಾನು ಮಾರಿ ಆಡುವುದು. ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಕಂಡರೆ ಅದು ಹಬ್ಬದ ಆಟ ಅಲ್ಲ.

ಸೋತದ್ದನ್ನು ತಿರುಗಿ ಪಡೆಯುವ ಹುಚ್ಚು ನಮಗೆ ಒಣ ಬೇಸಾಯದವರಿಗೆ ಅರ್ಥವಾಗದ್ದೇನಲ್ಲ. ಒಂದು ಬೋರು ಕೊರೆಸಿ ಬರಿ ಧೂಳು ಬಂತು. ಎರಡನೆಯದಕ್ಕೆ ಒಂದಿಷ್ಟು ಹಸಿ ಮಣ್ಣು ಬಂತು. ಆಗ ಏನನ್ನುತ್ತೇವೆ? 'ಇನ್ನೊಂದು ಪಾಯಿಂಟ್ ನೋಡಿಬಿಡೂಣು, ಮೊದಲಿನ ದುಡ್ಡೂ ಬರ್ತೈತಿ.' ಹಸಿ ಮಣ್ಣು ನೀರಲ್ಲ. ಆದರೆ ಪೂರಾ ಧೂಳಿಗಿಂತ ಹಸಿ ಮಣ್ಣೇ ಮನುಷ್ಯನನ್ನು ಹೆಚ್ಚು ಎಳೆಯುತ್ತದೆ. ಓಸಿಯಲ್ಲಿ 47 ಬರೆಸಿದವನಿಗೆ 48 ಬಂದರೆ 'ಕೂದಲೆಳೆ ತಪ್ಪಿತು' ಅನಿಸುತ್ತದೆ. ನಿಜಕ್ಕೂ 48 ಬಂದರೂ ಒಂದೇ, 3 ಬಂದರೂ ಒಂದೇ. ಆದರೆ ತಲೆ ಹಾಗೆ ತಿಳಿಯುವುದಿಲ್ಲ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ, ಆಗೊಮ್ಮೆ ಈಗೊಮ್ಮೆ ಸಿಗುವ ಗೆಲುವು ಮೆದುಳಿಗೆ ಬಹಳ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎನ್ನುತ್ತಾರೆ ಈ ವಿಷಯ ಓದಿದವರು.

ಬೇಸಾಯವೂ ಮಳೆಯ ಜೊತೆ ಆಡುವ ಜೂಜು ಎಂದು ಮಾತಿಗೆ ಅನ್ನುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಜೋಳ ತೆನೆ ಕಟ್ಟದಿದ್ದರೂ ದನಕ್ಕೆ ಕಣಿಕೆ ಉಳಿಯುತ್ತದೆ. ಒಡ್ಡು ಹಾಕಿದರೆ ತೇವ ಉಳಿಯುತ್ತದೆ. ಹೋದ ವರ್ಷದ ತಪ್ಪಿನಿಂದ ಈ ವರ್ಷ ಕಲಿಯಲು ಬರುತ್ತದೆ. ನಂಬರಿನಲ್ಲಿ ಹೋದ ವರ್ಷದ್ದು ಈ ವರ್ಷಕ್ಕೆ ಬರುವುದಿಲ್ಲ. ಆದರೂ ಒಂದು ಮಾತು ಸರಿ. ಅನಿಶ್ಚಿತದಲ್ಲೇ ಬದುಕುವ ನಮಗೆ, ಒಂದೇ ಏಟಿಗೆ ಸಾಲ ತೀರಿಸುವ ಆಸೆ ಬಹಳ ಬೇಗ ಹತ್ತಿರ ಬರುತ್ತದೆ.

ಇದು ಕಾಯಿಲೆಯೇ ಎಂದು ಕೇಳುವವರಿಗೆ

ಕಾಯಿಲೆ ಎಂದು ನಾನು ಹೇಳುತ್ತಿಲ್ಲ, ಡಾಕ್ಟರರ ಪುಸ್ತಕ ಹೇಳುತ್ತದೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲೇ ಮಿತಿಮೀರಿದ ಜೂಜನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. 2013ರಲ್ಲಿ ಅದನ್ನು ಹೆಂಡ, ಅಫೀಮು ಮುಂತಾದ ಚಟಗಳ ಅಧ್ಯಾಯಕ್ಕೇ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಜೂಜಿನ ಚಟವೂ ಇದೆ, ಮೊಬೈಲ್-ಕಂಪ್ಯೂಟರ್ ಆಟದ ಚಟವೂ ಇದೆ. ಹೊಟ್ಟೆಗೆ ಏನನ್ನೂ ಹಾಕಿಕೊಳ್ಳದೆ, ಬರಿ ನಡವಳಿಕೆಯಿಂದ ಹತ್ತುವ ಚಟಗಳು ಇವು.

ನನಗೆ ಬಹಳ ಮನಸ್ಸಿಗೆ ಹತ್ತಿದ ಸಂಗತಿ ಇನ್ನೊಂದಿದೆ. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಮೆದುಳಿನ ಡೋಪಮೈನ್ ಎಂಬ ರಸದ ಕೆಲಸ ಮಾಡುತ್ತವೆ. ಆ ಮಾತ್ರೆ ತೆಗೆದುಕೊಂಡ ಕೆಲವರಿಗೆ, ಜೀವಮಾನದಲ್ಲಿ ಎಲೆ ಮುಟ್ಟದವರಿಗೂ, ಜೂಜಿನ ಹುಚ್ಚು ಹಿಡಿದಿದೆ. ಡಾಕ್ಟರರು ಮಾತ್ರೆ ಕಡಿಮೆ ಮಾಡಿದಾಗ ಅಥವಾ ಬದಲಿಸಿದಾಗ ಬಹಳ ಜನರಿಗೆ ಹುಚ್ಚು ಇಳಿದಿದೆ. ಬರಿ ಗುಣಗೇಡಿತನವೇ ಆಗಿದ್ದರೆ ಮಾತ್ರೆಯಿಂದ ಬರುವುದು, ಮಾತ್ರೆ ಬಿಟ್ಟರೆ ಹೋಗುವುದು ಹೇಗೆ?

ತೊಗರಿಗೆ ಗೊಡ್ಡು ರೋಗ ಬಂದರೆ ಗಿಡ ಹಸಿರಾಗಿಯೇ ಇರುತ್ತದೆ. ಎಲೆ ಇದೆ, ಹೂ ಇಲ್ಲ, ಕಾಯಿ ಇಲ್ಲ. ದೂರದಿಂದ ನೋಡಿದವನು ಬೆಳೆ ಚೆನ್ನಾಗಿದೆ ಅನ್ನುತ್ತಾನೆ. ಕಣ್ಣಿಗೆ ಕಾಣದ ನುಸಿ ಆ ನಂಜನ್ನು ಹರಡುತ್ತದೆ. ಆ ಗಿಡಕ್ಕೆ ಯಾರೂ ಬೈಯುವುದಿಲ್ಲ. ಏನು ಮಾಡಬೇಕೆಂದು ಕೃಷಿ ವಿಜ್ಞಾನದವರನ್ನು ಕೇಳುತ್ತೇವೆ. ಜೂಜಿನ ಚಟದವನೂ ಹಾಗೇ. ಬಾಯಿ ವಾಸನೆ ಇಲ್ಲ, ತೂರಾಡುವುದಿಲ್ಲ, ಅಂಗಿ ಸ್ವಚ್ಛ. ಮನೆ ಪೂರಾ ಗೊಡ್ಡಾದ ಮೇಲೆಯೇ ಗೊತ್ತಾಗುತ್ತದೆ.

'ಕಾಯಿಲೆ ಅಂದ್ರ ಅಂವಗ ನೆಪ ಸಿಕ್ಕಂಗ ಆಗ್ತೈತಿ' ಎಂದು ನಮ್ಮ ಊರ ಹಿರಿಯರೊಬ್ಬರು ನನ್ನ ಜೊತೆ ವಾದಕ್ಕೆ ನಿಂತರು. ಅವರ ಮಾತಿನಲ್ಲೂ ತಿರುಳಿದೆ. ಹೆಂಡತಿ-ಮಕ್ಕಳ ಬಾಯಿಗೆ ಮಣ್ಣು ಹಾಕಿದವನು 'ನನಗೆ ಕಾಯಿಲೆ' ಎಂದು ಹಾಯಾಗಿ ಕೂಡಬಾರದು. ನಾನು ಕೇಳಿದೆ: 'ಅಣ್ಣಾ, ನಿಮಗ ಸಕ್ಕರಿ ಕಾಯಿಲೆ ಐತಿ. ಹೋಳಗಿ ಬಿಡೂದು ಯಾರ ಕೆಲಸ?' ಅವರು ನಕ್ಕರು. ಕಾಯಿಲೆ ಎಂದರೆ ಹೊಣೆ ತಪ್ಪಿತು ಎಂದಲ್ಲ. ಆಸ್ಪತ್ರೆಗೆ ಹೋಗುವುದು, ಪಥ್ಯ ಹಿಡಿಯುವುದು, ಸಾಲ ಒಪ್ಪಿಕೊಂಡು ತೀರಿಸುವುದು ಅವನ ಹೊಣೆಯೇ. ಆದರೆ ಬಾಗಿಲು ತೆರೆದಿಡುವುದು ನಮ್ಮ ಹೊಣೆ, ಸರಕಾರದ ಹೊಣೆ.

ಕಾನೂನು ಅರ್ಧ ದಾರಿ ಮಾತ್ರ

ಕಾನೂನು ಇಲ್ಲದೆ ಇಲ್ಲ. 1963ರ ಪೊಲೀಸ್ ಕಾಯ್ದೆಯಲ್ಲಿ ಮಟಕಾಕ್ಕೂ ಇಸ್ಪೀಟಿಗೂ ಕಲಂ ಇವೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು, ಸಾರಾಯಿಯೂ ಅದೇ ವರ್ಷ ನಿಂತಿತು. 2021ರಲ್ಲಿ ರಾಜ್ಯ ಸರಕಾರ ಆನ್‌ಲೈನ್ ಜೂಜು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಆ ಕಾಯ್ದೆಯ ಒಂದು ಒಳ್ಳೆಯ ಗುಣವೆಂದರೆ ಅದು ಆಡುವವನನ್ನು ಜೈಲಿಗೆ ಹಾಕುವುದಿಲ್ಲ. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ.

ಅದು ಸರಿ. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಚಟ ಮುಚ್ಚುವುದಿಲ್ಲ. ಸಾರಾಯಿ ನಿಂತಾಗ ಕುಡಿಯುವವರು ಬ್ರಾಂದಿಗೆ ಹೋದದ್ದು ನಾವೇ ನೋಡಿದ್ದೇವೆ. ಒಂದು ಆಟ ನಿಂತರೆ ಇನ್ನೊಂದು, ಅದೂ ನಿಂತರೆ ಹಳೆ ಓಸಿ. ಬಾಗಿಲು ಮುಚ್ಚುವ ಕಾಯ್ದೆಯ ಜೊತೆಗೇ ಒಳಗೆ ಸಿಕ್ಕಿಕೊಂಡವನನ್ನು ಹೊರತರುವ ಏರ್ಪಾಡೂ ಬೇಕು.

ನಾಚಿಕೆ ಕೊಲ್ಲುತ್ತದೆ

ಈ ಚಟದ ದೊಡ್ಡ ಗುಣ ಗುಟ್ಟು. ಮನೆಯವರು ಮುಚ್ಚಿಡುತ್ತಾರೆ, ಏಕೆಂದರೆ ತಂಗಿಗೆ ಗಂಡು ಸಿಗಬೇಕು, ಸೊಸೈಟಿಯಲ್ಲಿ ಮುಂದಿನ ಸಾಲ ಸಿಗಬೇಕು. ಹೆಣ್ಣುಮಕ್ಕಳು ತವರಿಗೂ ಹೇಳದೆ ವಾರದ ಕಂತು ತುಂಬುತ್ತಾರೆ. ಅವನು ಎಲ್ಲರಿಗೂ ಗೊತ್ತಾಗುವ ದಿನಕ್ಕೆ ಹೆದರುತ್ತಾನೆ, ಆ ದಿನ ಬಂದಾಗ ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲೇ ಇರುತ್ತದೆ. ಜೂಜಿನ ಚಟದವರಲ್ಲಿ ಜೀವ ತೆಗೆದುಕೊಳ್ಳುವ ಯೋಚನೆ ಬೇರೆಯವರಿಗಿಂತ ಹೆಚ್ಚು ಎಂದು ಮನೋವೈದ್ಯರು ಹೇಳುತ್ತಾರೆ.

ರೈತನೊಬ್ಬ ಸತ್ತರೆ ಸಾಲಬಾಧೆ ಎಂದು ಬರೆಯುತ್ತಾರೆ. ಸಾಲ ನಿಜ. ಅದರಲ್ಲಿ ಗೊಬ್ಬರದ್ದೆಷ್ಟು, ಬೋರಿನದೆಷ್ಟು, ನಂಬರಿನದೆಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಮನೆಯವರು ಹೇಳುವುದಿಲ್ಲ, ಪರಿಹಾರ ಕೈತಪ್ಪೀತು ಎಂಬ ಅಂಜಿಕೆ. ಆ ವಿಧವೆಯ ಪರಿಹಾರ ಯಾರೂ ಕಸಿಯಬಾರದು. ಆದರೆ ಮುಂದಿನವನನ್ನು ಉಳಿಸಬೇಕಾದರೆ ಕಾರಣ ಗೊತ್ತಾಗಬೇಕು. ನಾಚಿಕೆ ಇರುವ ತನಕ ಕಾರಣ ಹೊರಬೀಳುವುದಿಲ್ಲ.

ನಮ್ಮ ಬಳಗದ ಒಬ್ಬ ಹುಡುಗ ಮೊಬೈಲಿನ ರಮ್ಮಿಯಲ್ಲಿ ಮುಳುಗಿದ್ದ. ಟ್ರಾಕ್ಟರ್ ಬಾಡಿಗೆಯ ದುಡ್ಡು, ತಾಯಿಯ ಸಂಘದ ದುಡ್ಡು ಎಲ್ಲ ಹೋಗಿತ್ತು. ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಫಾರಂನಲ್ಲಿ ಬೀಡಿ, ತಂಬಾಕು, ಮದ್ಯ ಎಂದು ಕಾಲಂ ಇದ್ದವು, ಜೂಜಿಗೆ ಇರಲಿಲ್ಲ. ಬರೆದುಕೊಳ್ಳುವವರು ನಕ್ಕು, 'ಇದಕ್ಕ ಗುಳಿಗಿ ಯಾವುದ್ರಿ? ನಾಕು ಬಾರಿಸ್ರಿ, ಸರಿ ಹೋಗ್ತಾನ' ಅಂದರು. ಹುಡುಗ ಹೊರಗೆ ಬಂದು, 'ಕಾಕಾ, ಮನಿಗೆ ಹೋಗೂಣು ನಡೀರಿ' ಅಂದ. ಅವತ್ತು ಅವನ ಮುಖ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಒಂದು ತಾಸು ಕೂತು ಅವನ ಮಾತು ಕೇಳಿದರು. ಯಾವ ಹೊತ್ತಿಗೆ ಆಡಬೇಕೆನಿಸುತ್ತದೆ, ಆಗ ಏನು ಮಾಡಬೇಕು ಎಂದು ವಾರಕ್ಕೊಮ್ಮೆ ಕಲಿಸಿದರು. ನಿದ್ದೆ ಇರಲಿಲ್ಲ, ಅದಕ್ಕೂ ಔಷಧಿ ಕೊಟ್ಟರು. ದುಡ್ಡಿನ ವ್ಯವಹಾರ ಒಂದು ವರ್ಷ ತಾಯಿಯ ಕೈಗೆ ಹೋಯಿತು. ನಡುವೆ ಎರಡು ಸಲ ಜಾರಿದ, ಮತ್ತೆ ಹೋದ. ಈಗ ಟ್ರಾಕ್ಟರ್ ಹೊಡೆಯುತ್ತಾನೆ, ಸಾಲ ಇನ್ನೂ ಇದೆ. ಜಾರುವುದು ಈ ಕಾಯಿಲೆಯಲ್ಲಿ ಇದ್ದದ್ದೇ, ಒಮ್ಮೆ ಜಾರಿದ ಎಂದು ಕೈ ಬಿಡಬಾರದು ಎಂದು ಅಲ್ಲಿಯ ಡಾಕ್ಟರರು ಹೇಳಿದ ಮಾತು ನೆನಪಿಡುವಂಥದ್ದು.

ಇರುವುದೇನು, ಬೇಕಾದದ್ದೇನು

ಸೌಕರ್ಯ ಏನೂ ಇಲ್ಲ ಎಂದಲ್ಲ. ಹಳ್ಳಿಯವರ ಮನಸ್ಸಿನ ಕಾಯಿಲೆಗೆ ಹತ್ತಿರದಲ್ಲೇ ಔಷಧಿ ಕೊಡುವ ಪ್ರಯೋಗ ದೇಶದಲ್ಲಿ ಹೆಸರಾದದ್ದೇ ನಮ್ಮ ಬಳ್ಳಾರಿ ಜಿಲ್ಲೆಯಿಂದ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಶುರು ಮಾಡಿತು. ಅದೇ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮೊಬೈಲ್ ಚಟಕ್ಕೆಂದೇ ನಿಮ್ಹಾನ್ಸ್‌ನಲ್ಲಿ 2014ರಿಂದ ಒಂದು ಕ್ಲಿನಿಕ್ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಫೋನ್ ಸಹಾಯ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು, ಉಪಕಾರ ಅಲ್ಲ.

ಕೊರತೆ ಇರುವುದು ಇವನ್ನೂ ನಮ್ಮ ಊರನ್ನೂ ಕೂಡಿಸುವ ದಾರಿಯಲ್ಲಿ. ನನಗೆ ತೋಚಿದ್ದು ಇಷ್ಟು:

1. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದಾಗ ಬಿಪಿ, ಸಕ್ಕರೆ, ತಂಬಾಕು ಕೇಳುವ ಹಾಗೆ ಜೂಜಿನದೂ ಒಂದು ಪ್ರಶ್ನೆ ಇರಲಿ. ಆಸ್ಪತ್ರೆಯ ಫಾರಂನಲ್ಲಿ ಒಂದು ಕಾಲಂ ಇರಲಿ. ಇದಕ್ಕೆ ಖರ್ಚೇ ಇಲ್ಲ.

2. ಮದ್ಯವರ್ಜನ ಶಿಬಿರ ನಡೆಸುವವರು ಜೂಜಿನವರನ್ನೂ ಸೇರಿಸಿಕೊಳ್ಳುವುದನ್ನು ಯೋಚಿಸಲಿ. ಬಿಟ್ಟವರೇ ಬಿಡುವವರಿಗೆ ಹೇಳಿದರೆ ನಾಟುತ್ತದೆ.

3. ಚಿಕಿತ್ಸೆಯ ಜೊತೆ ಸಾಲದ ಸಲಹೆಯೂ ಇರಬೇಕು. ಬ್ಯಾಂಕು, ಸೊಸೈಟಿಯವರು ಕಂತು ಹೊಂದಿಸಿಕೊಡಲಿ. ಸಾಲದ ಭಯ ಇರುವವನಿಗೆ ಬರಿ ಬುದ್ಧಿಮಾತು ಹತ್ತುವುದಿಲ್ಲ.

4. ಎಪಿಎಂಸಿ, ಬಸ್‌ಸ್ಟ್ಯಾಂಡ್, ಹಾಲಿನ ಡೈರಿ, ಗೊಬ್ಬರದಂಗಡಿಯ ಗೋಡೆಯ ಮೇಲೆ 14416 ಬರೆಸಲಿ. ಎಣ್ಣೆ ಮಾರುವಲ್ಲಿ ಇದು ಇರಲೇಬೇಕು.

5. ಓಸಿ ದಾಳಿಯಲ್ಲಿ ಸಿಕ್ಕ ಬಡಪಾಯಿಯ ಫೋಟೋ ಹಾಕಿ ಮಾನ ಕಳೆಯುವ ಬದಲು, ದಂಡ ಕಟ್ಟಿಸಿಕೊಂಡು ಆಸ್ಪತ್ರೆಯ ದಾರಿ ತೋರಿಸಲಿ. ಬರೆಸಿಕೊಳ್ಳುವವನ ಮೇಲಿನವನನ್ನು ಹಿಡಿಯಲಿ.

ಸರಕಾರ ಮಾಡುವ ತನಕ ನಾವು ಕಾಯಬೇಕಾಗಿಲ್ಲ. ಮನೆಯಲ್ಲಿ ಇಂಥವನಿದ್ದರೆ ಅವನ ಸಾಲ ಪೂರಾ ಒಂದೇ ಸಲ ತೀರಿಸಿಬಿಡಬೇಡಿ. ಕೈ ಖಾಲಿಯಾದ ಕೂಡಲೇ ಮತ್ತೆ ಆಡುವ ಧೈರ್ಯ ಬರುತ್ತದೆ. ಮೊದಲು ಚಿಕಿತ್ಸೆ, ಆಮೇಲೆ ಸ್ವಲ್ಪ ಸ್ವಲ್ಪ ಸಾಲ. ಪಾಸ್‌ಬುಕ್, ಎಟಿಎಂ ಕಾರ್ಡು, ಫೋನಿನಲ್ಲಿ ದುಡ್ಡು ಕಳಿಸುವ ಪಿನ್ನು ಅವನ ಒಪ್ಪಿಗೆಯಿಂದಲೇ ಬೇರೆಯವರ ಕೈಗೆ ಬರಲಿ. ಎಣ್ಣೆ ಡಬ್ಬಿ ಬೀಗದೊಳಗೆ ಇರಲಿ. 'ಸಾಯಬೇಕು ಅನಿಸ್ತೈತಿ' ಅಂದರೆ ನಾಟಕ ಎಂದು ತಿಳಿಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಟ್ಟೆಯ ಮೇಲೆ ಕೂತವರು 'ಏನಪಾ ಧರ್ಮರಾಯ, ಇವತ್ತು ಏನು ಪಣಕ್ಕಿಟ್ಟಿ?' ಎಂದು ಚೇಷ್ಟೆ ಮಾಡುವುದನ್ನು ಬಿಡಲಿ. ಸಭೆಯಲ್ಲಿ ಕೂತ ಹಿರಿಯರು ಬಾಯಿ ಮುಚ್ಚಿಕೊಂಡದ್ದೂ ಆ ಕಥೆಯಲ್ಲಿದೆ, ಅದನ್ನು ನಾವು ಮರೆಯುತ್ತೇವೆ.

ಓದುಗ ರೈತ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆ ಎಂದು ಈ ತಿಂಗಳು ಹೋಗಿ ಕೇಳಿಕೊಂಡು ಬನ್ನಿ. ಬರುವುದೇ ಇಲ್ಲ ಎಂದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಠರಾವು ಬರೆಸಿ. ಬರುತ್ತಾರೆ ಎಂದರೆ ಆ ದಿನವನ್ನು ನಿಮ್ಮೂರ ಹಾಲಿನ ಡೈರಿಯ ಗೋಡೆಯ ಮೇಲೆ ಬರೆಸಿ. ಯಾರ ಹೆಸರೂ ಹೇಳಬೇಕಾಗಿಲ್ಲ. ಬೇಕಾದವರು ಓದಿಕೊಳ್ಳುತ್ತಾರೆ.